ಗೈಡು ನುಂಗಿದ ತೀರ್ಪು

ಸಂವಿಧಾನವನ್ನೂ ಆಡಳಿತ ಕಾನೂನನ್ನೂ ನಮ್ಮ ಹುಡುಗರು ಗೈಡಿನಿಂದ ಕಲಿಯುತ್ತಾರೆ. ಅಲ್ಲಿ ಕ್ರೈಪಾಕ್ ಪ್ರಕರಣಕ್ಕೆ ಎರಡು ಸಾಲು: ವರ್ಷ 1969, ಬರೀ ಆಡಳಿತದ ತೀರ್ಮಾನಕ್ಕೂ ಸಹಜ ನ್ಯಾಯದ ಕಟ್ಟುಪಾಡು ಉಂಟು. ಪರೀಕ್ಷೆಗೆ ಇಷ್ಟು ಸಾಕು. ಬದುಕಿಗೆ ಸಾಲದು.

ಮೂಲ ತೀರ್ಪನ್ನೇ ಓದಿ. ಆ ಜಗಳ ಅರಣ್ಯ ಇಲಾಖೆಯದು. ಜಮ್ಮು-ಕಾಶ್ಮೀರದಲ್ಲಿ ಭಾರತೀಯ ಅರಣ್ಯ ಸೇವೆಗೆ ಅಧಿಕಾರಿಗಳನ್ನು ಆರಿಸುವ ಮಂಡಳಿಯಲ್ಲಿ ಕೂತವರೊಬ್ಬರು ತಾವೇ ಉಮೇದುವಾರರು. ತಮ್ಮ ಹೆಸರು ಬಂದಾಗ ದೂರ ಉಳಿದರು; ಎದುರಾಳಿಗಳ ಹೆಸರು ಬಂದಾಗ ಕೂತೇ ಇದ್ದರು. ಸುಪ್ರೀಂ ಕೋರ್ಟು ಆಯ್ಕೆಯನ್ನೇ ರದ್ದು ಮಾಡಿತು. ಆಡಳಿತಕ್ಕೆ ಮೂಗುದಾರ ಹಾಕಿದ ತೀರ್ಪು ಹುಟ್ಟಿದ್ದು ಅರಣ್ಯಾಧಿಕಾರಿಗಳ ಅಳಲಿನಿಂದ! ಸಾಹೇಬರಿಗೆ ಸಿಕ್ಕ ಆ ನ್ಯಾಯ ಅರಬೈಲ್ ಘಟ್ಟದ ಅರಣ್ಯವಾಸಿಗೂ ಸಿಗಬೇಕಲ್ಲವೆ? ಗೈಡು ಇದನ್ನು ಕೇಳುವುದಿಲ್ಲ. ಜಗಳ ಯಾರದೆಂದೇ ಅದು ಹೇಳಿಲ್ಲವಲ್ಲ.

ಈಗ 2006ರ ಅರಣ್ಯ ಹಕ್ಕು ಕಾಯ್ದೆ ತೆಗೆಯಿರಿ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ದಲಿತರು ಪರಿಶಿಷ್ಟ ಜಾತಿ. ಆದ್ದರಿಂದ ಕಾಡಂಚಿನ ದಲಿತ ಕುಟುಂಬ ಈ ಕಾಯ್ದೆಯ ಕಣ್ಣಿಗೆ ಬರೀ ‘ಇತರೆ’. 2005ರ ಡಿಸೆಂಬರ್ 13ಕ್ಕೆ ಹಿಂದಿನ 75 ವರ್ಷ, ಅಂದರೆ ಮೂರು ತಲೆಮಾರು, ಅಲ್ಲೇ ಬಾಳಿದ್ದನ್ನು ಅದು ತೋರಿಸಬೇಕು. ಲೆಕ್ಕ ಹಾಕಿ, 1930ಕ್ಕೆ ಹೋಗುತ್ತೀರಿ. ಅಸ್ಪೃಶ್ಯನ ಗುಡಿಸಲಿಗೆ ಅವತ್ತು ರಸೀದಿ ಬರೆದುಕೊಟ್ಟ ಪುಣ್ಯಾತ್ಮ ಯಾರು?

ಆದರೆ ರಸೀದಿಯೇ ಬೇಕೆಂದು ಕಾನೂನು ಎಲ್ಲಿ ಹೇಳಿದೆ? 13ನೇ ನಿಯಮದ ಪ್ರಕಾರ ಹಿರಿಯರ ಮಾತು, ಬರೆದುಕೊಂಡರೆ, ಸಾಕ್ಷ್ಯ. ಹಳೇ ಬಾವಿ, ಸಮಾಧಿ, ದೇವರ ಜಾಗ ಇವೂ ಸಾಕ್ಷ್ಯ. ಇಂಥದ್ದೇ ದಾಖಲೆ ತನ್ನಿ ಎಂದು ಮೇಲಿನ ಸಮಿತಿಗಳು ಹಟ ಹಿಡಿಯಕೂಡದು ಎಂದು 2012ರ ತಿದ್ದುಪಡಿ ಹೇಳಿತು. ಕಾಯ್ದೆಯ 6ನೇ ಕಲಮು, ಮೇಲ್ಮನವಿ ಹಾಕಿದವನ ಅಹವಾಲು ಕೇಳದೆ ಅವನ ವಿರುದ್ಧ ತೀರ್ಮಾನಿಸಕೂಡದು ಎನ್ನುತ್ತದೆ. ಇಷ್ಟು ಓದಿಕೊಂಡ ಹುಡುಗನ ಕೈಗೆ ‘ದಾಖಲೆ ಇಲ್ಲ, ತಿರಸ್ಕರಿಸಿದೆ’ ಅನ್ನೋ ಒಂದು ಸಾಲಿನ ನೋಟೀಸು ಬಂದರೆ ಅವನು ಬೆಚ್ಚುವುದಿಲ್ಲ, ಪ್ರಶ್ನೆ ಹಾಕುತ್ತಾನೆ.

ಹಾಗಂತ ತೀರ್ಪುಗಳನ್ನು ವೇದ ಮಾಡಿಕೊಳ್ಳಬೇಡಿ. 2019ರ ಫೆಬ್ರವರಿ 13ರ ಸುಪ್ರೀಂ ಕೋರ್ಟಿನ ಆದೇಶ ನೋಡಿ. ಕೇಸು ಹಾಕಿದವರು ವನ್ಯಜೀವಿ ಸಂಘಟನೆಗಳು, ಉತ್ತರಿಸಿದವರು ಸರ್ಕಾರಗಳು. ಅರ್ಜಿ ಅಂತಿಮವಾಗಿ ತಿರಸ್ಕೃತವಾದವರನ್ನು ತೆರವು ಮಾಡಿ ಎಂಬ ಆ ಆದೇಶದಲ್ಲಿ ಕರ್ನಾಟಕದ ತಿರಸ್ಕೃತ ಅರ್ಜಿ 1,76,540. ಅಷ್ಟು ಒಲೆಗಳು ಅಲ್ಲಿ ಒಂದು ಅಂಕಿ! ಹದಿನೈದೇ ದಿನದಲ್ಲಿ, ಫೆಬ್ರವರಿ 28ರಂದು, ಅದೇ ಕೋರ್ಟು ತಡೆ ಕೊಟ್ಟು, ತಿರಸ್ಕರಿಸಿದ ಕ್ರಮ ಸರಿಯಿತ್ತೇ ಎಂದು ರಾಜ್ಯಗಳನ್ನು ಕೇಳಿತು. ಮೊದಲು ಕೇಳಬೇಕಾದ್ದನ್ನು ಆಮೇಲೆ ಕೇಳಿತು.

ಸಂವಿಧಾನದ ಅಕ್ಷರ ತಿದ್ದದೆ ಆಡಳಿತದ ರೀತಿ ಬದಲಿಸಿಯೇ ಅದನ್ನು ಕೆಡಿಸಬಹುದು ಎಂದು ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೆಗೆ ಎಚ್ಚರಿಸಿದ್ದರು. ಆ ಭಾಷಣವನ್ನೂ ಮೂಲದಲ್ಲೇ ಓದಿ. ಆಮೇಲೆ ಗ್ರಾಮಸಭೆಯ ನಡವಳಿ ಓದಿ, ತಿರಸ್ಕಾರದ ನೋಟೀಸು ಓದಿ. ಕೋರ್ಟಿನ ಮೆಟ್ಟಿಲು ಹತ್ತಲಾಗದವರ ಕಥೆ ಇರುವುದು ಅಲ್ಲಿ.

ಮೇಷ್ಟ್ರುಗಳೇ, ಹುಡುಗರ ಕೈಗೆ ಪೆನ್ನು ಕೊಟ್ಟು ಕೇರಿಯ ಮುದುಕಿಯರ ಹತ್ತಿರ ಕಳಿಸಿ. ಅವರ ಮಾತು ಕಾನೂನಿನ ಪ್ರಕಾರವೇ ಸಾಕ್ಷ್ಯ. ಅವರು ಕಣ್ಣು ಮುಚ್ಚುವ ಮುಂಚೆ ಅದು ಕಾಗದಕ್ಕೆ ಇಳಿಯಬೇಕು.