ಮೊದಲು ತಳ ನೋಡಿ: ತೊಗಲ ಬೂಟಿನ ರಸಿಕರಿಗೊಂದು ಕೈಪಿಡಿ

ಭಾನುವಾರ ಬೆಳಿಗ್ಗೆ ಬೀದರ್ ಕೋಟೆಯ ಶರ್ಜಾ ದರವಾಜೆಯ ಬಳಿ ಅರ್ಧ ತಾಸು ನಿಂತರೆ ಸಾಕು, ಊರಿನ ಕಾಲುಗಳ ಗತಿ ಏನಾಗಿದೆ ಎಂದು ತಿಳಿಯುತ್ತದೆ. ಕೋಟೆ ಸುತ್ತಲು ಬಂದವರ ಕಾಲಲ್ಲಿ ಗಿಳಿಹಸಿರು, ಕಿತ್ತಳೆ ಬಣ್ಣದ ಸ್ಪೋರ್ಟ್ಸ್ ಶೂಗಳು. ಹಿಮ್ಮಡಿಯ ಕೆಳಗೆ ಎರಡು ಬೆರಳು ದಪ್ಪದ ನೊರೆ. ಕಂದಕದ ದಂಡೆಯಲ್ಲಿ ಒಂದು ಸುತ್ತು ಹಾಕುವಷ್ಟರಲ್ಲಿ ಜಂಬಿಟ್ಟಿಗೆಯ ಚೂಪು ಹರಳುಗಳು ಆ ನೊರೆಯೊಳಗೆ ಹೊಕ್ಕು ಕೂರುತ್ತವೆ. ಮುಂದಿನ ಬೇಸಿಗೆಯ ಹೊತ್ತಿಗೆ ಅಟ್ಟೆ ಬಾಯಿ ಬಿಡುತ್ತದೆ, ಶೂ ಕಸದ ಗಾಡಿ ಸೇರುತ್ತದೆ, ಮೊಬೈಲಿನಲ್ಲಿ ಇನ್ನೊಂದು ಜೊತೆಗೆ ಆರ್ಡರ್ ಹೋಗುತ್ತದೆ. ಇದನ್ನು ಜನ ಆರಾಮ ಎನ್ನುತ್ತಾರೆ. ಬೀದರ್‌ಗೆ ಬಂದವರು ಚೌಬಾರಾದ ಸುತ್ತ ಬಿದ್ರಿಯ ಅಂಗಡಿ ಹುಡುಕುತ್ತಾರೆ, ಬೆಳ್ಳಿಯ ಎಳೆಯನ್ನು ಬೆಳಕಿಗೆ ಹಿಡಿದು ಹೊಗಳುತ್ತಾರೆ. ಅದೇ ಬೀದಿಯ ಮೂಲೆಯಲ್ಲಿ ತೊಗಲಿಗೆ ದಾರ ಹಾಕುತ್ತ ಕೂತವನ ಕೈಯನ್ನು ಒಬ್ಬರೂ ನೋಡುವುದಿಲ್ಲ.

ಆ ಕೈಯನ್ನು ನೋಡುವ ಮನಸ್ಸಿದ್ದವರಿಗಾಗಿ ಈ ಕೈಪಿಡಿ.

ಮೊದಲ ಪಾಠ: ಬೂಟನ್ನು ತಿರುವಿ ಹಾಕಬೇಕು. ಅಂಗಡಿಯವನು ಮೇಲ್ಭಾಗ ತೋರಿಸುತ್ತಾನೆ, ಹೊಳಪು ತೋರಿಸುತ್ತಾನೆ, ಒಳಗಿನ ಮೆತ್ತೆಯನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸುತ್ತಾನೆ. ರಸಿಕ ಅವನ್ನೆಲ್ಲ ಆಮೇಲೆ ನೋಡಲಿ. ಮೇಲ್ಭಾಗವೂ ಅಟ್ಟೆಯೂ ಸೇರುವ ಅಂಚಿದೆಯಲ್ಲ, ಬೂಟಿನ ಬಾಳು ನಿಂತಿರುವುದು ಅಲ್ಲಿ. ಅಲ್ಲಿ ದಾರ ಇದೆಯೋ, ಬರೀ ಅಂಟು ಇದೆಯೋ? ಅಂಟು ಹಚ್ಚಿದ್ದರೆ ಅದು ಒಂದೇ ಬಾಳಿನ ವಸ್ತು. ದಾರವಿದ್ದರೆ ಬಿಚ್ಚಬಹುದು, ಸವೆದದ್ದನ್ನು ತೆಗೆದು ಹೊಸ ಅಟ್ಟೆ ಕೂರಿಸಿ ಮತ್ತೆ ಹೊಲಿಯಬಹುದು. ಬೆಲೆಯ ಚೀಟಿಗಿಂತ, ಕಂಪನಿಯ ಹೆಸರಿಗಿಂತ ಈ ಒಂದು ಪ್ರಶ್ನೆ ದೊಡ್ಡದು. ಮೋಸವೂ ಇದೆ, ಎಚ್ಚರವಿರಲಿ: ಕೆಲವು ಶೂಗಳ ಅಂಚಿನಲ್ಲಿ ಹೊಲಿಗೆಯ ಹಾಗೆ ಕಾಣುವ ಅಚ್ಚು ಒತ್ತಿರುತ್ತಾರೆ. ಉಗುರಿನಿಂದ ಕೆರೆದರೆ ದಾರ ಅಲುಗಬೇಕು. ಅಲುಗದಿದ್ದರೆ ಅದು ರಬ್ಬರಿನ ಮೇಲೆ ಬಿಡಿಸಿದ ಚಿತ್ರ.

ಹೊಲಿಗೆಯನ್ನು ಹತ್ತಿರದಿಂದ ನೋಡಿದವರು ಅದನ್ನು ಮರೆಯಲಾರರು. ಕುಶಲಿ ಮೊದಲು ತೊಗಲು ಕೊಯ್ಯುವ ರಾಪಿಯಿಂದ ಅಟ್ಟೆಯ ಅಂಚಿಗೆ ಸಮನಾಗಿ, ಕೂದಲೆಳೆಯಂತೆ ಒಂದು ಗೀರು ಹಾಕುತ್ತಾನೆ. ದಾರ ಆ ಗೀರಿನೊಳಗೆ ಮುಳುಗಿ ಕೂರುತ್ತದೆ. ಕಲ್ಲಿಗೆ ತಾಗುವುದು ತೊಗಲೇ ಹೊರತು ದಾರವಲ್ಲ. ಆಮೇಲೆ ಕೊಕ್ಕೆಯ ಸೂಜಿಯಾದ ಆರಿ ಚುಚ್ಚುತ್ತಾನೆ. ಕೆಳಗಿನ ಕೈ ಕತ್ತಲಲ್ಲಿ, ಬೂಟಿನ ಒಳಗೆ, ಮೇಣ ಸವರಿದ ದಾರವನ್ನು ಆರಿಯ ಕೊಕ್ಕೆಗೆ ಸಿಕ್ಕಿಸುತ್ತದೆ. ಆ ಕೈಗೆ ಕಣ್ಣಿಲ್ಲ, ಆದರೂ ತಪ್ಪುವುದಿಲ್ಲ. ಎಳೆದಾಗ ದಾರ 'ಜುರ್ರ್' ಎಂದು ಬರುತ್ತದೆ, ಮೇಣ ಬಿಸಿಯಾಗಿ ತೂತಿಗೆ ಅಂಟಿಕೊಳ್ಳುತ್ತದೆ. ಕೊನೆಗೆ ಸುತ್ತಿಗೆಯಿಂದ ಬಡಿದು ಹೊಲಿಗೆಯನ್ನು ಮಲಗಿಸುತ್ತಾನೆ. ಇಂಚಿಗೆ ಆರೇಳು ಹೊಲಿಗೆ ಬಿದ್ದರೆ ಸರಿ. ಅದಕ್ಕಿಂತ ಒತ್ತಾಗಿ ಚುಚ್ಚಿದರೆ ಅಂಚೆ ಚೀಟಿಯ ಅಂಚಿನಂತೆ ತೊಗಲೇ ಹರಿದು ಬರುತ್ತದೆ. ತೀರ ದೂರ ಹಾಕಿದರೆ ನಡುವೆ ಬಾಯಿ ತೆರೆದು ಮಣ್ಣು ಹೋಗುತ್ತದೆ. ಈ ನಡುವಿನ ಅಳತೆಯನ್ನು ಯಾರೂ ಪಟ್ಟಿ ಹಿಡಿದು ಅಳೆಯುವುದಿಲ್ಲ, ಕೈ ಅಳೆಯುತ್ತದೆ.

ಬೆಟ್ಟ ಹತ್ತುವ ಹಳೆಯ ಕಾಲದ ಬೂಟುಗಳಲ್ಲಿ ಇದಕ್ಕೂ ಒಂದು ಹೆಜ್ಜೆ ಮುಂದಿನ ಜಾಣ್ಮೆಯಿದೆ. ಮೇಲ್ಭಾಗಕ್ಕೂ ಅಟ್ಟೆಗೂ ನಡುವೆ ವೆಲ್ಟ್ ಎಂಬ ತೊಗಲ ಪಟ್ಟಿ ಓಡುತ್ತದೆ. ಪಟ್ಟಿಯನ್ನು ಮೇಲ್ಭಾಗಕ್ಕೂ ಒಳ ಅಟ್ಟೆಗೂ ಸೇರಿಸಿ ಒಂದು ಹೊಲಿಗೆ, ಪಟ್ಟಿಯನ್ನು ಹೊರ ಅಟ್ಟೆಗೆ ಸೇರಿಸಿ ಇನ್ನೊಂದು ಹೊಲಿಗೆ. ಅಟ್ಟೆ ಸವೆದಾಗ ಹೊರ ಹೊಲಿಗೆಯನ್ನಷ್ಟೇ ಕತ್ತರಿಸಿದರೆ ಸಾಕು. ಕಾಲಿನ ಆಕಾರಕ್ಕೆ ಪಳಗಿದ ಮೇಲ್ಭಾಗಕ್ಕೆ ಒಂದು ಹೊಸ ತೂತೂ ಬೀಳದು. ನಾರ್ವೆಯ ಹೆಸರಿನಲ್ಲಿ ಕರೆಯುವ ಹೊಲಿಗೆಯಲ್ಲಿ ಮೇಲ್ಭಾಗದ ತೊಗಲನ್ನೇ ಹೊರಕ್ಕೆ ಮಡಚಿ ಹೊಲಿಯುತ್ತಾರೆ. ಹಿಮದ ನೀರು ಅಂಚಿನಿಂದ ಒಳಗೆ ಇಳಿಯದಿರಲೆಂದು ಮಾಡಿದ ಉಪಾಯ ಅದು.

ಈ ಲೇಖಕನಿಗೆ ಕಣ್ಣು ತೆರೆದದ್ದು ಭಾಲ್ಕಿಯಲ್ಲಿ, 1990ರ ದಶಕದ ಒಂದು ಜನವರಿಯಲ್ಲಿ. ಗೆಳೆಯರ ಗುಂಪು ಖಾನಾಪುರದ ಮೈಲಾರ ಮಲ್ಲಣ್ಣನ ಗುಡಿಗೆ ನಡೆದು ಹೊರಟಿತ್ತು. ಕಾಲಲ್ಲಿ ಪಟ್ಟಣದಿಂದ ತಂದ ಹೊಸ, ಹಗುರ, ಬಿಳೀ ಶೂ. ದಾರಿ ಉಳಿಸಲೆಂದು ತೊಗರಿ ಕೊಯ್ದ ಹೊಲದೊಳಗೆ ಇಳಿದದ್ದೇ ತಪ್ಪಾಯಿತು. ತೊಗರಿ ಕೂಳೆ ಎಂದರೇನೆಂದು ಆ ಭಾಗದ ಎತ್ತಿಗೂ ಗೊತ್ತು. ಕುಡುಗೋಲಿನಿಂದ ಓರೆಯಾಗಿ ಕತ್ತರಿಸಿದ ಬುಡ ಒಣಗಿ ಮೊಳೆಯಾಗಿ ನಿಂತಿರುತ್ತದೆ; ಗಾಡಿಯ ಟೈರನ್ನೂ ಬಿಡುವುದಿಲ್ಲ. ನಾಲ್ಕನೇ ಸಾಲಿಗೆ ಒಂದು ಕೂಳೆ ನೊರೆಯ ಅಟ್ಟೆಯನ್ನು ಬೆಣ್ಣೆಯಂತೆ ತೂರಿ ಅಂಗಾಲಿಗೆ ಇಳಿಯಿತು. ರಕ್ತ ನಿಂತ ಮೇಲೆ ಕುಂಟುತ್ತ ಊರಿಗೆ ಮರಳಿದರೆ ಬಸ್ ನಿಲ್ದಾಣದ ಹತ್ತಿರ ಒಬ್ಬ ಹಿರಿಯರು ಗೋಣಿ ಹಾಸಿ ಕೂತಿದ್ದರು.

"ಕಾಕಾ, ಇದಕ್ಕ ಒಂದು ಹೊಲಿಗಿ ಹಾಕಿ ಕೊಡ್ರಿ."

ಅವರು ಶೂ ತಿರುವಿ ನೋಡಿದರು, ಹೆಬ್ಬೆರಳಿನಿಂದ ಒತ್ತಿದರು. "ತಮ್ಮಾ, ಇದಕ್ಕ ಆರಿ ಹಾಕಿದ್ರ ದಾರ ನಿಲ್ಲಲ್ಲ. ಹಾಲಿನ ನೊರಿ ಇದ್ದಂಗ ಅದ." ಆಮೇಲೆ ತಮ್ಮದೇ ಕಾಲಿನ ಜೋಡು ಬಿಚ್ಚಿ ಮುಂದಿಟ್ಟರು. "ಇದು ನಮ್ಮಪ್ಪನ ಕೈದು. ಅಟ್ಟಿ ಮೂರು ಸಲ ನಾ ಹಾಕೀನಿ."

ಆ ಜೋಡು ಹೊಳೆಯುತ್ತಿರಲಿಲ್ಲ. ಎಣ್ಣೆ ಕುಡಿದು ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಬೆರಳುಗಳ ಗುರುತು ಒಳಗೆ ಬಟ್ಟಲುಗಳಂತೆ ಇಳಿದಿದ್ದವು, ಹೊಲಿಗೆ ಒಂದೂ ಬಿಟ್ಟಿರಲಿಲ್ಲ. ಅಪ್ಪನ ಹೊಲಿಗೆಯ ಪಕ್ಕದಲ್ಲೇ ಮಗನ ಹೊಲಿಗೆ. ಅವತ್ತೇ ಅವರಿಗೆ ಬೂಟಿನ ಅಳತೆ ಕೊಟ್ಟಾಯಿತು. ಕಾಗದದ ಮೇಲೆ ಕಾಲಿಟ್ಟು ಸುತ್ತ ಪೆನ್ಸಿಲಿನಿಂದ ಗೆರೆ ಎಳೆದರು, ನಡುಪಾದದ ಸುತ್ತಳತೆಗೆ ದಾರ ಸುತ್ತಿ ಗಂಟು ಹಾಕಿಟ್ಟರು. ಐದು ವಾರ ಕಾಯಿಸಿದರು. ಬಂದದ್ದು ಮೂರು ಪದರ ಅಟ್ಟೆಯ, ಹರಡು ಮುಚ್ಚುವ, ಬಲು ಭಾರದ ಬೂಟು. ಮೊದಲ ಹದಿನೈದು ದಿನ ಅದು ಕಚ್ಚಿತು. ಆಮೇಲೆ ಹದಿನೇಳು ವರ್ಷ ನಡೆಯಿತು: ಹೊನ್ನಿಕೇರಿಯ ಕಾಡಿನಲ್ಲಿ, ಔರಾದ್ ಕಡೆಯ ಮಾಂಜ್ರಾ ದಂಡೆಯಲ್ಲಿ, ಕಾರಂಜಾ ಹಿನ್ನೀರಿನ ಕಲ್ಲುಗಳ ಮೇಲೆ. ಅಟ್ಟೆ ಮೂರು ಬಾರಿ ಬದಲಾಯಿತು. ಎರಡನೆಯ ಸಲ ಲಾರಿ ಟೈರು ಕತ್ತರಿಸಿ ಹೊಲಿಸಿದ್ದು; ಆಮೇಲೆ ತೊಗರಿ ಹೊಲಕ್ಕೂ ಅದು ಹೆದರಲಿಲ್ಲ.

ಟೈರಿನ ಅಟ್ಟೆಯನ್ನು ಬಡತನದ ಗುರುತೆಂದು ಮೂಗು ಮುರಿಯುವವರಿದ್ದಾರೆ. ಅವರು ಆಲ್ಪ್ಸ್ ಪರ್ವತದ ಚರಿತ್ರೆ ಓದಬೇಕು. 1935ರಲ್ಲಿ ಇಟಲಿಯ ಆರೋಹಿಗಳ ತಂಡವೊಂದು ಪುಂಟಾ ರಸಿಕಾ ಶಿಖರದಲ್ಲಿ ಹಿಮಗಾಳಿಗೆ ಸಿಕ್ಕಿತು. ಕಾಲಲ್ಲಿದ್ದ ಪಾದರಕ್ಷೆ ಆ ಹಿಮಕ್ಕೆ ಸಾಲದೆ ಆರು ಜನ ಸತ್ತರು. ಜೊತೆಗಿದ್ದ ವಿಟಾಲೆ ಬ್ರಮಾನಿ ಬದುಕಿ ಬಂದ. ಟೈರು ತಯಾರಿಸುವ ಪಿರೆಲ್ಲಿಯವರ ನೆರವಿನಿಂದ, ಹಲ್ಲು ಹಲ್ಲಾದ ರಬ್ಬರ್ ಅಟ್ಟೆಯನ್ನು 1937ರಲ್ಲಿ ತಂದ. ಅದೇ ವಿಬ್ರಮ್. 1954ರಲ್ಲಿ ಕೆ2 ಶಿಖರವನ್ನು ಮೊದಲು ಮುಟ್ಟಿದ ಇಟಲಿಯವರ ಬೂಟಿನ ಕೆಳಗೆ ಇದ್ದದ್ದು ಅದೇ ಅಟ್ಟೆ. ತೊಗಲ ಬೂಟಿಗೆ ಟೈರಿನ ರಬ್ಬರು ಕೂರಿಸುವ ವಿಚಾರ ಮಿಲಾನಿನ ಬ್ರಮಾನಿಗೂ ಹೊಳೆಯಿತು, ಭಾಲ್ಕಿಯ ಬಸ್ ನಿಲ್ದಾಣಕ್ಕೂ ಹೊಳೆಯಿತು.

ಈಗಿನ ಹಗುರ ಟ್ರೆಕಿಂಗ್ ಶೂಗಳ ಕಥೆ ಬೇರೆ. ಅವುಗಳಲ್ಲಿ ಬಹಳಷ್ಟರ ನಡು ಅಟ್ಟೆ ಪಾಲಿಯುರೆಥೇನ್ ನೊರೆಯದು. ಗಾಳಿಯ ತೇವ ಆ ನೊರೆಯ ಕಟ್ಟನ್ನೇ ನಿಧಾನವಾಗಿ ಒಡೆಯುತ್ತದೆ. ಹಾಕದೆ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟರೂ ಕೆಲವು ವರ್ಷಗಳಲ್ಲಿ ಅದು ಹಳೆಯ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಹಾಕಿದರೂ ಸಾಯುವ, ಇಟ್ಟರೂ ಸಾಯುವ ವಸ್ತುವಿಗೆ ಸಾವಿರಾರು ರೂಪಾಯಿ ಸುರಿಯುವುದು ಯಾವ ಜಾಣತನ?

ತೊಗಲಿನ ಬಗ್ಗೆ ಎರಡು ಮಾತು. ಹಳೆಯ ಪದ್ಧತಿಯಲ್ಲಿ ಚರ್ಮವನ್ನು ಸುಣ್ಣದ ನೀರಲ್ಲಿ ನೆನೆಸಿ ಕೂದಲು ತೆಗೆದು, ಜಾಲಿ ತೊಗಟೆ ಮತ್ತು ಅಳಲೆಕಾಯಿಯ ಒಗರು ನೀರಿನಲ್ಲಿ ಹದ ಮಾಡುತ್ತಾರೆ. ಎಮ್ಮೆಯ ತೊಗಲನ್ನೇ ಚೀಲವಾಗಿ ಹೊಲಿದು, ಒಳಗೆ ತೊಗಟೆ ತುಂಬಿ ನೇತುಹಾಕುವ ರೂಢಿಯೂ ಇದೆ. ಒಗರು ಒಳಗಿನಿಂದ ಹೊರಕ್ಕೆ ಜಿನುಗುತ್ತ ತೊಗಲಿನ ನಾರು ನಾರಿಗೂ ಇಳಿಯುತ್ತದೆ. ವಾರಗಟ್ಟಲೆಯ ಕೆಲಸ. 19ನೇ ಶತಮಾನದಲ್ಲಿ ಬಂದ ಕ್ರೋಮ್ ಹದ ಅದನ್ನು ಒಂದೆರಡು ದಿನಕ್ಕೆ ಇಳಿಸಿತು. ಕ್ರೋಮ್ ತೊಗಲು ಮೃದು, ನೀರನ್ನು ಚೆನ್ನಾಗಿ ತಡೆಯುತ್ತದೆ. ಮೇಲ್ಭಾಗಕ್ಕೆ ಅದೇನೂ ಕೆಟ್ಟದ್ದಲ್ಲ. ಅಟ್ಟೆಗೆ ಮಾತ್ರ ತೊಗಟೆಯ ಹದವೇ ಬೇಕು. ಮೂಗಿಗೆ ಹಿಡಿದರೆ ಒಣ ತೊಗಟೆಯ ವಾಸನೆ ಬರಬೇಕು, ಬಣ್ಣದ ಅಂಗಡಿಯದಲ್ಲ.

ಕೊಲ್ಹಾಪುರಿ ಚಪ್ಪಲಿಯನ್ನು ಇಲ್ಲಿ ನೆನೆಯಲೇಬೇಕು. ಹೆಸರು ಕೊಲ್ಹಾಪುರದ್ದಾದರೂ 2019ರಲ್ಲಿ ಬಂದ ಭೌಗೋಳಿಕ ಮಾನ್ಯತೆ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳಿಗೂ ಸೇರಿದೆ. ಅಥಣಿ ಸೀಮೆಯ ಕೈಗಳು ಅದನ್ನು ತೊಗಲ ಬಾರಿನಿಂದಲೇ ಹೊಲಿಯುತ್ತವೆ, ಒಂದು ಮೊಳೆಯೂ ಇಲ್ಲದೆ. 2025ರ ಜೂನ್‌ನಲ್ಲಿ ಮಿಲಾನಿನ ಫ್ಯಾಷನ್ ವೇದಿಕೆಯ ಮೇಲೆ ಪ್ರಾಡಾ ಕಂಪನಿ ಅದೇ ರೂಪದ ಚಪ್ಪಲಿ ನಡೆಸಿದಾಗ ದೇಶವೆಲ್ಲ ಎದ್ದು ಕೂತಿತು. ಅಲ್ಲಿಯವರೆಗೆ ಜಾತ್ರೆಯಲ್ಲಿ ಹತ್ತು ರೂಪಾಯಿಗೆ ಚೌಕಾಸಿ ಮಾಡುತ್ತಿದ್ದವರೇ ಆಮೇಲೆ ನಮ್ಮ ಪರಂಪರೆ ಎಂದು ಎದೆ ತಟ್ಟಿಕೊಂಡರು. ಮಿಲಾನ್ ಹೇಳಿದ ಮೇಲೆ ಹುಟ್ಟುವ ಪ್ರೀತಿಯನ್ನು ರಸಿಕತೆ ಎನ್ನಲಾಗದು.

ಬೀದರ್ ಜಿಲ್ಲೆಯವರಿಗಂತೂ ಈ ಪ್ರೀತಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಇದು ಹರಳಯ್ಯನ ನೆಲ. 12ನೇ ಶತಮಾನದ ಆ ಶರಣ ತನ್ನ ಮತ್ತು ಹೆಂಡತಿ ಕಲ್ಯಾಣಮ್ಮನ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿ ಒಯ್ದ ಕಥೆಯನ್ನು ಇಲ್ಲಿನ ಮಕ್ಕಳೂ ಹೇಳುತ್ತಾರೆ. ಬಸವಣ್ಣ ಅವನ್ನು ಕಾಲಿಗೆ ಮೆಟ್ಟದೆ ತಲೆಯ ಮೇಲೆ ಹೊತ್ತರಂತೆ. ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ನಡೆದ ಮದುವೆಗಾಗಿ ಆ ಇಬ್ಬರೂ ತಂದೆಯರನ್ನು ದೊರೆ ಬಿಜ್ಜಳನ ಆಳಿಕೆ ಕೊಲ್ಲಿಸಿತೆಂದು ಶರಣರ ಕಥನಗಳು ಹೇಳುತ್ತವೆ. ಬಸವಕಲ್ಯಾಣದಲ್ಲಿ ಇಂದಿಗೂ ಹರಳಯ್ಯನ ಗವಿಯಿದೆ, ಜನ ಕೈಮುಗಿದು ಬರುತ್ತಾರೆ. ಅಲ್ಲಿ ಕೈಮುಗಿದವರು ಊರಿಗೆ ಬಂದು ಚಪ್ಪಲಿ ಹೊಲಿಯುವವನ ಮುಂದೆ ಶೂವನ್ನು ಕಾಲಿನಿಂದ ಸರಿಸಿ ಕೊಡುವುದನ್ನು ಈ ಲೇಖಕ ಎಷ್ಟೋ ಸಲ ಕಂಡಿದ್ದಾನೆ. ಕೈಯಲ್ಲಿ ಎತ್ತಿಕೊಡಬೇಕು. ಈ ಕೈಪಿಡಿಯ ಬೇರೆ ಎಲ್ಲವನ್ನೂ ಮರೆತರೂ ಇದೊಂದನ್ನು ಮರೆಯಬಾರದು.

ನೋಡಿ ಕಲಿಯಲು ಬೀದರ್‌ನಲ್ಲೇ ಒಳ್ಳೆಯ ಶಾಲೆಯಿದೆ: ನಾನಕ್ ಝೀರಾ ಗುರುದ್ವಾರದ ಜೋಡಾ ಘರ್. ಭಕ್ತರ ಪಾದರಕ್ಷೆಯನ್ನು ಸೇವೆಯೆಂದು ಎರಡೂ ಕೈಯಲ್ಲಿ ಇಸಿದುಕೊಂಡು ಜೋಡಿಸಿಡುವ ಜಾಗ ಅದು. ಒಂದು ತಾಸು ಅಲ್ಲಿ ಸೇವೆಗೆ ನಿಂತವರಿಗೆ ನೂರಾರು ಅಟ್ಟೆಗಳ ಪರಿಚಯವಾಗುತ್ತದೆ. ಯಾವುದು ಹಿಮ್ಮಡಿಯ ಹೊರಗಡೆ ಸವೆದಿದೆ, ಯಾವುದರ ಅಂಟು ಬಿಟ್ಟಿದೆ, ಯಾವುದು ನಾಲ್ಕನೇ ಅಟ್ಟೆಯ ಮೇಲೆ ನಡೆಯುತ್ತಿದೆ ಎಂಬುದು ಕೈಗೇ ತಿಳಿಯುತ್ತದೆ.

ಉಳಿದದ್ದು ಚುಟುಕಾಗಿ. ಬೂಟು ಕೊಳ್ಳುವುದು ಸಂಜೆ, ಕಾಲು ಊದಿರುವ ಹೊತ್ತಿಗೆ. ನೆನೆದರೆ ಒಳಗೆ ಪತ್ರಿಕೆ ತುರುಕಿ ನೆರಳಲ್ಲಿ ಒಣಗಿಸಬೇಕು. ಒಲೆಯ ಬದಿಗಿಟ್ಟರೆ ತೊಗಲು ಹಪ್ಪಳವಾಗುತ್ತದೆ. ತಿಂಗಳಿಗೊಮ್ಮೆ ಔಡಲೆಣ್ಣೆಯನ್ನು ಬಟ್ಟೆಯಿಂದ ತೆಳ್ಳಗೆ ಒರೆಸಿದರೆ ಸಾಕು. ಮಳೆಗಾಲದ ಎರೆಮಣ್ಣಿಗೆ ಮಾತ್ರ ಯಾವ ಬೂಟೂ ಇಲ್ಲ. ಔರಾದ್ ಸೀಮೆಯಲ್ಲಿ ಜುಲೈನಲ್ಲಿ ಹೊಲಕ್ಕೆ ಇಳಿದವರ ಒಂದೊಂದು ಕಾಲಿಗೂ ಸೇರುಗಟ್ಟಲೆ ಮಣ್ಣು ಹತ್ತುತ್ತದೆ. ಅಲ್ಲಿನ ರೈತರು ಜೋಡನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ದಾಟುತ್ತಾರೆ, ಅದೇ ಸರಿ.

ಶಿವರಾತ್ರಿಯ ಹೊತ್ತಿಗೆ ಔರಾದ್‌ನಲ್ಲಿ ಅಮರೇಶ್ವರನ ಜಾತ್ರೆ. ನಡೆದು ಹೋಗುವ ಮನಸ್ಸಿದ್ದವರು ಸಂಕ್ರಾಂತಿಗಿಂತ ಮೊದಲೇ ಹತ್ತಿರದ ಕುಶಲಿಯ ಮುಂದೆ ಕೂತು ಅಳತೆ ಕೊಡಲಿ. ಅವರು ಕೇಳಿದಷ್ಟು ವಾರ ಬಿಡಿ, ಕೇಳಿದಷ್ಟು ಹಣ ಚೌಕಾಸಿಯಿಲ್ಲದೆ ಕೊಡಿ, ಬೂಟು ಪಳಗಲು ಇನ್ನೂ ಹದಿನೈದು ದಿನ ಉಳಿದಿರಲಿ.