ನಡುವಿನ ಹೆಸರು: ‘ಹೊಂದಿಕೆ’ ಎಂಬ ಮಾತಿನ ಸುತ್ತ

ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ಬಸ್ಸಿನಿಂದ ಗಾಣಗಾಪುರದ ಭಕ್ತರು ಇಳಿದುಕೊಳ್ಳುವ ಊರು ಚೌಡಾಪುರ. ಅಲ್ಲಿಯ ನಮ್ಮ ಮನೆಯಲ್ಲಿ ಮಗಳನ್ನು ತೊಟ್ಟಿಲಿಗೆ ಹಾಕಿದೆವು. ನನ್ನ ಅಕ್ಕ ಕೂಸಿನ ಕಿವಿಯಲ್ಲಿ ‘ಸುಜಾತಾ’ ಅಂದಳು. ಹಸಿದ ಸಿದ್ಧಾರ್ಥನಿಗೆ ಪಾಯಸ ಕೊಟ್ಟವಳ ಹೆಸರು. ಯಾರದೂ ತಕರಾರಿರಲಿಲ್ಲ. ತಕರಾರು ಎದ್ದದ್ದು ಜನನದ ಅರ್ಜಿ ತುಂಬುವಾಗ. ನಮ್ಮ ಕಡೆ ಮೊದಲು ಮಗುವಿನ ಹೆಸರು, ನಡುವೆ ಅಪ್ಪನ ಹೆಸರು, ಕೊನೆಗೆ ಅಡ್ಡಹೆಸರು. ನನ್ನ ಹೆಸರು ತಿಪ್ಪಣ್ಣ. ಜೊತೆಗೆ ಪಾಠ ಮಾಡುವ ಗೆಳೆಯರೊಬ್ಬರು ಅಂದರು: “ಸರ್, ಸುಜಾತಾ ಭಾಳ ಚಂದ ಅದ. ಆದ್ರ ನಡುವ ತಿಪ್ಪಣ್ಣ ಬಂದ್ರ ಹೊಂದಂಗಿಲ್ಲ ನೋಡ್ರಿ. ಬರೇ ‘ಟಿ’ ಅಂತ ಹಾಕಿಬಿಡ್ರಿ.”

ಅವರ ಮನಸ್ಸಿನಲ್ಲಿ ಕೇಡಿರಲಿಲ್ಲ. ಆದರೂ ‘ಹೊಂದಂಗಿಲ್ಲ’ ಎಂಬ ಮಾತು ನನ್ನನ್ನು ಬಿಡಲಿಲ್ಲ. ನಾನು ತರಗತಿಯಲ್ಲಿ ಕ್ಷೇಮೇಂದ್ರನ ಔಚಿತ್ಯ ವಿಚಾರ ಹೇಳುವವನು. ಯಾವ ಪದದ ಪಕ್ಕ ಯಾವ ಪದ ಇರಬೇಕೆಂಬ ವಿವೇಕ ಕಾವ್ಯಕ್ಕೆ ಬೇಕು, ಒಪ್ಪುತ್ತೇನೆ. ಆದರೆ ಯಾರ ಪಕ್ಕ ಯಾರು ಕೂಡಬೇಕೆಂದು ತಲೆತಲಾಂತರದಿಂದ ತೀರ್ಮಾನಿಸಿಕೊಂಡು ಬಂದ ಸಮಾಜದಲ್ಲಿ ಕಿವಿಯೊಂದು ಮಾತ್ರ ಜಾತಿಯ ಸೋಂಕಿಲ್ಲದೆ ಬೆಳೆದಿರುತ್ತದೆಯೇ? ದಲಿತ ವಿಮರ್ಶೆಯು ಕತೆ, ಕವಿತೆ, ಆತ್ಮಕಥೆಗಳನ್ನು ಓದಿದಷ್ಟೇ ಎಚ್ಚರದಿಂದ ಹೆಸರನ್ನೂ ಓದಬೇಕು. ಒಬ್ಬ ಮನುಷ್ಯನ ಬಗ್ಗೆ ಊರು ಬರೆಯುವ ಮೊದಲ ಕೃತಿ ಅದು.

ಈ ಹೊಂದಿಕೆಗೆ ಕಟ್ಟಳೆ ಮಾಡಿಟ್ಟವನು ಮನು. ಮನುಸ್ಮೃತಿಯ ಎರಡನೆಯ ಅಧ್ಯಾಯದ ೩೧, ೩೨ನೆಯ ಶ್ಲೋಕಗಳನ್ನು ನೋಡಬೇಕು. ಬ್ರಾಹ್ಮಣನ ಹೆಸರು ಮಂಗಳವನ್ನು, ಕ್ಷತ್ರಿಯನದು ಬಲವನ್ನು, ವೈಶ್ಯನದು ಧನವನ್ನು, ಶೂದ್ರನದು ಹೇಸಿಕೆಯನ್ನು ಸೂಚಿಸಬೇಕು. ಅದಕ್ಕೆ ಅಂಟುವ ಎರಡನೆಯ ಪದ ಕ್ರಮವಾಗಿ ಸುಖ, ರಕ್ಷಣೆ, ಸಮೃದ್ಧಿ, ಸೇವೆಗಳನ್ನು ಹೇಳಬೇಕು. ಹೇಸಿಕೆಗೆ ಜೋಡಿ ಚಾಕರಿ. ಇದಕ್ಕಿಂತ ಪಕ್ಕಾ ಹೊಂದಿಕೆ ಇನ್ನೆಲ್ಲಿ ಸಿಕ್ಕೀತು? ವರ್ಣದ ಹೊರಗಿದ್ದ ನಮಗೆ ಅಷ್ಟೂ ಇಲ್ಲ. ೧೯೩೩ರ ‘ಚೋಮನ ದುಡಿ’ಯಲ್ಲಿ ಒಡೆಯ ಸಂಕಪ್ಪಯ್ಯನ ಹೆಸರಿಗೆ ಅಪ್ಪನೂ ಅಯ್ಯನೂ ಅಂಟಿಕೊಂಡಿದ್ದಾರೆ. ಈ ಕಡೆ ಚೋಮ, ಚನಿಯ, ಗುರುವ, ಬೆಳ್ಳಿ. ಕಾರಂತರು ಕಂಡದ್ದನ್ನೇ ಬರೆದರು. ಆ ಬೋಳು ಹೆಸರುಗಳನ್ನು ಸಹಜ ಚಿತ್ರಣವೆಂದು ಓದಿ ಮುಂದೆ ಹೋಗುವುದು ಸುಲಭ. ನಿಂತು ನೋಡಿದರೆ ಅವರಿಲ್ಲದ ಹೊಲದ ಹಾಗೆಯೇ ಅವರಿಗಿಲ್ಲದ ಇನ್ನೊಂದು ಆಸ್ತಿ ಅಲ್ಲಿ ಕಾಣುತ್ತದೆ.

ಇನ್ನು ತಿಪ್ಪಣ್ಣನ ಮಾತು. ಅಕ್ಕನ ನಂತರ ಹುಟ್ಟಿದ ಇಬ್ಬರು ಉಳಿಯಲಿಲ್ಲ. ನಾನು ಹುಟ್ಟಿದಾಗ ನಮ್ಮ ಆಯಿ ನನ್ನನ್ನು ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ ಎತ್ತಿಕೊಂಡಳಂತೆ, ಸಾವಿಗೂ ಬ್ಯಾಡಾದ ಕೂಸಾಗಲಿ ಅಂತ. ಈ ನಂಬಿಕೆ ನಮ್ಮ ಕೇರಿಯೊಂದರದೇ ಅಲ್ಲ, ಬೇರೆ ಜಾತಿಗಳಲ್ಲೂ ಇದೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ತೇರಿಗೆ ಜನ ಕಿಕ್ಕಿರಿದು ಸೇರುತ್ತಾರೆ. ಅಲ್ಲಿ ತಿಪ್ಪೆ ಯಾರಿಗೂ ನಾರುವುದಿಲ್ಲ. ಅದೇ ಪದ ಕೇರಿಯಿಂದ ಎದ್ದು ಬಂದರೆ ಮೂಗು ಮುಚ್ಚಿಕೊಳ್ಳುತ್ತಾರೆ. ನಮ್ಮ ಸೀಮೆಯ ಖಾಜಪ್ಪನನ್ನೂ ನೆನೆಯಬೇಕು. ಬಂದೇನವಾಜರ ‘ಖಾಜಾ’ಗೆ ಕನ್ನಡದ ‘ಅಪ್ಪ’ನನ್ನು ಕೂಡಿಸಿದ ಜನ ಹೊಂದುತ್ತದೋ ಇಲ್ಲವೋ ಎಂದು ಯಾವ ಪಂಡಿತರನ್ನೂ ಕೇಳಲಿಲ್ಲ. ನಮ್ಮ ದೇಸಿ ಸೌಂದರ್ಯಪ್ರಜ್ಞೆ ಇರುವುದು ಇಂಥ ಕಡೆ.

ಗೆಳೆಯರ ‘ಟಿ’ಯನ್ನು ಹಗುರವಾಗಿ ಕಾಣಲಾರೆ. ಮರಾಠಿಯ ಕುಮುದ್ ಪಾವಡೆ ತಮ್ಮ ‘ಅಂತಃಸ್ಫೋಟ’ದಲ್ಲಿ (೧೯೮೧) ಇದನ್ನೇ ಬರೆದಿದ್ದಾರೆ. ಸಂಸ್ಕೃತದಲ್ಲಿ ಎಂ.ಎ. ಮಾಡಿದ ಕುಮುದ್ ಸೋಮಕುವರ್‌ಗೆ ಸಿಗದ ಕೆಲಸ, ಬೇರೆ ಜಾತಿಯವರನ್ನು ಮದುವೆಯಾಗಿ ಪಾವಡೆ ಆದ ಮೇಲೆ ಸಿಕ್ಕಿತು. ಬಾಡಿಗೆ ಮನೆ ಹುಡುಕಿದ ನಮ್ಮವರಿಗೆಲ್ಲ ಒಂದಕ್ಷರದ ಬೆಲೆ ಗೊತ್ತು. ಹೆಸರು ಬದಲಿಸಿಕೊಂಡವರನ್ನು ಹೇಡಿಗಳೆನ್ನುವ ಹಕ್ಕು ನನಗಿಲ್ಲ. ಆದರೆ ನಾನು ಆ ಚುಕ್ಕಿಯ ಹಿಂದೆ ಅಡಗಿದರೆ, ಅಡಗಿದವನು ಅಪ್ಪ ಎಂಬುದು ಮಗಳಿಗೆ ಒಂದು ದಿನ ಗೊತ್ತಾಗುತ್ತದೆ.

ಬಾಬಾಸಾಹೇಬರೂ ‘ಬಿ.ಆರ್.’ ಎಂದೇ ಬರೆದರಲ್ಲ ಎನ್ನಬಹುದು. ನಿಜ. ಆ ‘ಆರ್’ ಯಾರೆಂದು ನಾವು ಕೇಳಿಕೊಳ್ಳುವುದೇ ಕಡಿಮೆ. ಸೈನ್ಯದಲ್ಲಿ ಸುಬೇದಾರರಾಗಿದ್ದ, ಕಬೀರಪಂಥದ ರಾಮ್‌ಜಿ ಸಕ್ಪಾಲ್, ಅವರ ತಂದೆ. ೨೦೧೮ರ ಮಾರ್ಚಿಯಲ್ಲಿ ಉತ್ತರಪ್ರದೇಶದ ಸರ್ಕಾರ ದಾಖಲೆಗಳಲ್ಲೆಲ್ಲ ‘ರಾಮ್‌ಜಿ’ ಸೇರಿಸಿ ಬರೆಯಬೇಕೆಂದು ಆದೇಶಿಸಿತು. ಸಂವಿಧಾನದಲ್ಲಿರುವ ಸಹಿಯನ್ನು ಆಧಾರವಾಗಿ ತೋರಿಸಲಾಯಿತು. ಪದ ಒಂದೇ. ಮಗ ಬರೆದುಕೊಂಡಾಗ ಅದು ಅಪ್ಪನ ನೆನಪು. ಸರ್ಕಾರ ಹಿಡಿದು ಬರೆಸಿದಾಗ, ಯಾರೋ ತಮ್ಮ ದೇವರನ್ನು ತಂದು ನಮ್ಮ ನಡುವೆ ಕೂಡಿಸಿದ ಹಾಗೆ. ನಡುವಿನ ಹೆಸರಿನ ಪ್ರಶ್ನೆಯಲ್ಲಿ ಯಾವುದು ಎಂಬುದಕ್ಕಿಂತ ಯಾರು ಇಟ್ಟರು ಎಂಬುದು ದೊಡ್ಡದು.

ಇಷ್ಟನ್ನೂ ಮನೆಯಲ್ಲಿ ಉತ್ಸಾಹದಿಂದ ಹೇಳಿದೆ. ಹೆಂಡತಿ ಕೂಸಿಗೆ ಕುಂಚಿಗೆ ಕಟ್ಟುತ್ತ ಕೇಳಿದಳು: “ನಿಮ್ಮ ಹೆಸರ ಸಲುವಾಗಿ ಇಷ್ಟು ವಾದ ಮಾಡ್ಲತ್ತೀರಿ. ಒಂಬತ್ತು ತಿಂಗಳ ಹೊತ್ತಾಕಿ ಹೆಸರು ಎಲ್ಲದ?” ಅವಳ ಅಕ್ಕ ಸೊಲ್ಲಾಪುರದಲ್ಲಿದ್ದಾಳೆ. ಮಹಾರಾಷ್ಟ್ರದಲ್ಲಿ ೨೦೨೪ರ ಮೇ ೧ರ ನಂತರ ಹುಟ್ಟಿದ ಮಕ್ಕಳಿಗೆ ಸರ್ಕಾರಿ ದಾಖಲೆಗಳಲ್ಲಿ ಮೊದಲು ತಾಯಿಯ ಹೆಸರು, ಆಮೇಲೆ ತಂದೆಯದು. ನಮ್ಮ ಅರ್ಜಿಯಲ್ಲಿ ತಾಯಿಗೆ ಬೇರೆ ಖಾನೆ ಇದೆ; ಮಗುವಿನ ಹೆಸರಿನೊಳಗೆ ಜಾಗವಿಲ್ಲ, ನಾವೇ ಕೊಟ್ಟಿಲ್ಲ. ಮನುವನ್ನು ಬೈದ ನಾನು ನಡುಮನೆಯಲ್ಲಿ ಅವನ ಕೆಲಸವನ್ನೇ ಮಾಡುತ್ತಿದ್ದೆ. ಈ ಲೇಖನದಲ್ಲಿಯೂ ಇಲ್ಲಿಯವರೆಗೆ ಅವಳ ಹೆಸರು ಬಂದಿಲ್ಲ. ನಮ್ಮ ಚಳವಳಿಯ ಪುಟಗಳನ್ನು ತಿರುವಿದರೂ ಇದೇ ಗತಿ. ಅಪ್ಪನ ಅವಮಾನವನ್ನು ಬರೆದಷ್ಟು ಅವ್ವನ ಹೆಸರನ್ನು ನಾವು ಬರೆದಿಲ್ಲ.

ಅವಳ ಹೆಸರು ಶರಣಮ್ಮ. ಅರ್ಜಿಯಲ್ಲಿ ‘ಸುಜಾತಾ ಶರಣಮ್ಮ ತಿಪ್ಪಣ್ಣ’ ಎಂದು ಬರೆದುಕೊಟ್ಟೆವು. ಅಡ್ಡಹೆಸರು ಬಿಟ್ಟೆವು. ಕಿವಿಗೆ ಉದ್ದ ಆಗುತ್ತದೆ, ಹಾಜರಿ ಕರೆಯುವವರು ಎಡವುತ್ತಾರೆ, ಗೊತ್ತು. ಇದೇ ಸರಿ ಎಂದು ಎಲ್ಲರಿಗೂ ಹೇಳಲಾರೆ. ಮಗಳು ದೊಡ್ಡವಳಾಗಿ ಇದರಲ್ಲಿ ಒಂದನ್ನೋ ಎರಡನ್ನೋ ತೆಗೆದುಹಾಕಬಹುದು. ತೆಗೆಯಲಿ. ಆದರೆ ತೆಗೆಯುವಾಗ ಏನು ತೆಗೆಯುತ್ತಿದ್ದೇನೆ ಎಂಬುದು ಅವಳಿಗೆ ಪೂರ್ತಿ ಅಕ್ಷರಗಳಲ್ಲಿ ಕಾಣುತ್ತಿರಬೇಕು.