ಕಮಟಿಗೂ ಮುಗ್ಗಲಿಗೂ ಒಂದೇ ಮದ್ದೆ?

ಕಾರಿನೊಳಗೆ ಹಾಲು ಚೆಲ್ಲಲಿ, ಘಾಟಿಯ ತಿರುವಿನಲ್ಲಿ ಮಗು ವಾಂತಿ ಮಾಡಿಕೊಳ್ಳಲಿ, ಮೀನಿನ ಚೀಲ ಸೋರಲಿ, ಎಸಿ ಹಾಕಿದೊಡನೆ ಒಣಗದ ಬಟ್ಟೆಯ ನಾತ ಮುಖಕ್ಕೆ ಹೊಡೆಯಲಿ, ಯಾರನ್ನು ಕೇಳಿದರೂ ಸಿಗುವ ಉತ್ತರ ಒಂದೇ. ಅಡಿಗೆ ಸೋಡಾ ಉದುರಿಸಿ, ಒಂದು ರಾತ್ರಿ ಹಾಗೇ ಬಿಡಿ, ಬೆಳಿಗ್ಗೆ ವ್ಯಾಕ್ಯೂಮ್ ಹೊಡೆಯಿರಿ. ಪತ್ರಿಕೆಗಳ ಮನೆವಾರ್ತೆ ಅಂಕಣದಲ್ಲೂ ಇದೇ, ಕಾರು ತೊಳೆಯುವ ಹುಡುಗರ ಬಾಯಲ್ಲೂ ಇದೇ, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತ ಅಪರಿಚಿತರ ಸಲಹೆಯೂ ಇದೇ. ಈ ಮದ್ದಿಗೆ ಸಿಕ್ಕಿರುವ ಹೆಸರು ಅದರ ಯೋಗ್ಯತೆಗಿಂತ ಬಹಳ ದೊಡ್ಡದು. ಆ ಹೆಸರಿನ ನೆರಳಿನಲ್ಲಿ ನಿಜವಾಗಿ ಕೆಲಸ ಮಾಡುವ ಕ್ರಮವೊಂದು ಯಾರ ಕಣ್ಣಿಗೂ ಬೀಳದೆ ಉಳಿದಿದೆ.

ಡ್ಯಾಶ್‌ಬೋರ್ಡಿನ ಮೇಲಿನ ಸುಗಂಧದ ಸೀಸೆ, ಕನ್ನಡಿಗೆ ನೇತುಹಾಕುವ ಪರಿಮಳದ ಬಿಲ್ಲೆ ಇವುಗಳ ಬಗ್ಗೆ ನಾನಿಲ್ಲಿ ಬರೆಯುವುದಿಲ್ಲ. ಅವು ನಾತವನ್ನು ತೆಗೆಯುವುದಿಲ್ಲ, ಅದರ ಮೇಲೆ ಇನ್ನೊಂದು ವಾಸನೆಯನ್ನು ಹೊದಿಸುತ್ತವೆ ಎಂಬುದು ಬಳಸುವವರಿಗೂ ಗೊತ್ತು. ಸೋಡಾದ ಮಾತು ಬೇರೆ. ಅದು ನಾತವನ್ನು ಬೇರುಸಹಿತ ಕೀಳುತ್ತದೆ ಎಂದು ಜನ ನಂಬಿದ್ದಾರೆ. ಪರೀಕ್ಷೆ ಮಾಡಬೇಕಾದದ್ದು ಆ ನಂಬಿಕೆಯನ್ನು.

ಮೊದಲ ತಪ್ಪು ಮಾತಿನಲ್ಲೇ ಆಗುತ್ತದೆ. ಸಲಹೆ ಕೊಡುವವರೆಲ್ಲ 'ದುರ್ವಾಸನೆ' ಎಂಬ ಒಂದೇ ಪದ ಹಿಡಿದಿದ್ದಾರೆ. ನಮ್ಮ ಅಡುಗೆಮನೆ, ಕೊಟ್ಟಿಗೆ, ಅಟ್ಟಗಳಲ್ಲಿ ಹಾಗೆ ಯಾರೂ ಮಾತಾಡುವುದಿಲ್ಲ. ಹಳೆಯ ಕೊಬ್ಬರಿಗೆ, ಕೆಟ್ಟ ಎಣ್ಣೆಗೆ ಬರುವುದು ಕಮಟು. ಮಳೆಗಾಲದಲ್ಲಿ ಪೆಟ್ಟಿಗೆಯೊಳಗಿನ ಸೀರೆಗೆ ಬರುವುದು ಮುಗ್ಗಲು. ನಿನ್ನೆಯ ಸಾರಿಗೆ ಬರುವುದು ಹಳಸಲು. ಇದು ಬರೀ ಪದಗಳ ಸಿರಿವಂತಿಕೆಯಲ್ಲ, ರೋಗ ಗುರುತಿಸುವ ಕ್ರಮ. ಕಮಟು ಎಂದವಳು ಜಿಡ್ಡು ಎಲ್ಲಿದೆ ಎಂದು ಹುಡುಕುತ್ತಾಳೆ. ಮುಗ್ಗಲು ಎಂದವಳು ನೀರು ಎಲ್ಲಿಂದ ಬಂತು ಎಂದು ನೋಡುತ್ತಾಳೆ. ದುರ್ವಾಸನೆ ಎಂದವನು ಪುಡಿ ತಂದು ಎರಚುತ್ತಾನೆ.

ಹಾಲಿನ ಪ್ರಕರಣವನ್ನೇ ತೆಗೆದುಕೊಳ್ಳುತ್ತೇನೆ, ನಾನು ಅನುಭವಿಸಿದ್ದು ಅದನ್ನೇ. ಆಷಾಢದಲ್ಲಿ ತೀರ್ಥಹಳ್ಳಿಯ ಅಕ್ಕನ ಮನೆಯಿಂದ ಶಿವಮೊಗ್ಗಕ್ಕೆ ಬರುವಾಗ ಹಿಂದಿನ ಸೀಟಿನ ಮೇಲೆ ಎರಡು ಲೀಟರಿನ ಸ್ಟೀಲ್ ಕ್ಯಾನು ಇತ್ತು. ಮಂಡಗದ್ದೆಯ ಹತ್ತಿರ ಬ್ರೇಕ್ ಹಾಕಿದಾಗ ಅದು ಮಗುಚಿತು. ಮನೆ ತಲುಪಿ ನೋಡಿದರೆ ಕ್ಯಾನಿನಲ್ಲಿ ಕಾಲು ಲೀಟರು ಉಳಿದಿತ್ತು. ಸೀಟಿನ ಮೇಲೆ ಮಾತ್ರ ಒಂದು ತಟ್ಟೆಯಗಲದ ಒದ್ದೆ. ಉಳಿದ ಹಾಲೆಲ್ಲ ಎಲ್ಲಿ ಹೋಯಿತು ಎಂದು ಆ ಹೊತ್ತಿನಲ್ಲಿ ನಾನು ಕೇಳಿಕೊಳ್ಳಲಿಲ್ಲ. ಬಟ್ಟೆಯಿಂದ ಒರೆಸಿ, ಎಲ್ಲರೂ ಹೇಳಿದ ಹಾಗೆ ಸೋಡಾ ಉದುರಿಸಿದೆ. ಮೂರು ದಿನಕ್ಕೆ ಹುಳಿ ನಾತ, ವಾರಕ್ಕೆ ಕಮಟು, ಎರಡನೆಯ ವಾರಕ್ಕೆ ಬಾಗಿಲು ತೆರೆದರೆ ವಾಂತಿ ಬರುವ ಹಾಗಾಯಿತು. ಮೂರು ಸಲ ಸೋಡಾ ಹಾಕಿದೆ. ಪ್ರತಿ ಸಲವೂ ಒಂದು ದಿನ ಕಡಿಮೆಯಾದ ಹಾಗೆ ಅನ್ನಿಸುತ್ತಿತ್ತು.

ಆ 'ಅನ್ನಿಸುತ್ತಿತ್ತು' ಎಂಬ ಮಾತನ್ನು ಸ್ವಲ್ಪ ಹಿಡಿದು ನೋಡಬೇಕು. ಸೋಡಾದ ಕೀರ್ತಿಯೆಲ್ಲ ನಿಂತಿರುವುದು ಅದರ ಮೇಲೆ. ಪುಡಿ ಹಾಕುವ ಮೊದಲು ನಾವು ಸೀಟು ಒರೆಸಿರುತ್ತೇವೆ. ರಾತ್ರಿ ಗಾಜು ಇಳಿಸಿಟ್ಟಿರುತ್ತೇವೆ, ಬೆಳಿಗ್ಗೆ ವ್ಯಾಕ್ಯೂಮ್ ಹೊಡೆದಿರುತ್ತೇವೆ. ಒರೆಸಿದ್ದರಿಂದ, ಗಾಳಿಯಾಡಿದ್ದರಿಂದ, ವ್ಯಾಕ್ಯೂಮಿನಿಂದ ಬಂದ ಫಲವನ್ನೆಲ್ಲ ಸೋಡಾದ ಖಾತೆಗೆ ಬರೆಯುತ್ತೇವೆ. ಜೊತೆಗೆ ನಮ್ಮ ಮೂಗು. ಯಾವ ವಾಸನೆಯಲ್ಲೇ ಆಗಲಿ, ಕೆಲವು ನಿಮಿಷ ಕೂತರೆ ಅದು ಒಗ್ಗಿಕೊಂಡು ಸುಮ್ಮನಾಗುತ್ತದೆ. ಕಾರಿನ ಯಜಮಾನನಷ್ಟು ಕೆಟ್ಟ ಸಾಕ್ಷಿ ಈ ವಿಷಯದಲ್ಲಿ ಇನ್ನೊಬ್ಬನಿಲ್ಲ. ತಂಪು ಹೊತ್ತಿನಲ್ಲಿ ನಾತ ಏಳುವುದೂ ಕಡಿಮೆ. ಬೆಳಗಿನ ಏಳು ಗಂಟೆಗೆ ಗುಣವಾಯಿತು ಎಂದವರು ಮಧ್ಯಾಹ್ನ ಎರಡಕ್ಕೆ ಅದೇ ಬಾಗಿಲು ತೆಗೆದು ನೋಡಬೇಕು.

ಸೋಡಾ ಏನನ್ನು ಮಾಡಬಲ್ಲದು? ಹಸುವಿನ ಹಾಲಿನ ಕೊಬ್ಬಿನಲ್ಲಿ ನೂರಕ್ಕೆ ಮೂರು ನಾಲ್ಕು ಪಾಲು ಬ್ಯುಟಿರಿಕ್ ಆಮ್ಲ ಕಟ್ಟಿಹಾಕಿದ ಸ್ಥಿತಿಯಲ್ಲಿರುತ್ತದೆ. ಸೂಕ್ಷ್ಮಜೀವಿಗಳು ಕೊಬ್ಬನ್ನು ಒಡೆದಾಗ ಅದು ಬಿಡುಗಡೆಯಾಗುತ್ತದೆ. ಕೆಟ್ಟ ಬೆಣ್ಣೆಯ ನಾತ, ವಾಂತಿಯ ನಾತ ಎರಡರಲ್ಲೂ ಇರುವುದು ಇದೇ. ಸೋಡಾ ಕ್ಷಾರ. ಅದು ಈ ಆಮ್ಲಕ್ಕೆ ತಾಗಿದರೆ ಆಮ್ಲ ಲವಣವಾಗುತ್ತದೆ. ಲವಣ ಹಾರುವುದಿಲ್ಲ, ಮೂಗಿಗೆ ಬರುವುದಿಲ್ಲ. ಇಲ್ಲಿಯವರೆಗೆ ಸೋಡಾ ಪಕ್ಷದವರ ಮಾತು ನೂರಕ್ಕೆ ನೂರು ಸರಿ. ಆದರೆ ಅವರ ವಾದವೆಲ್ಲ ನಿಂತಿರುವುದು 'ತಾಗಿದರೆ' ಎಂಬ ಪದದ ಮೇಲೆ. ಹಾಲು ನೀರಿನಂತೆ ಕೆಳಗಿಳಿಯುತ್ತದೆ. ಬಟ್ಟೆ ದಾಟಿ, ಸ್ಪಂಜು ದಾಟಿ, ಅದರಡಿಯ ತಗಡಿಗೆ ಹೋಗಿ, ಅಲ್ಲಿಂದ ಕಾರ್ಪೆಟ್ಟಿನ ಕೆಳಗಿನ ದಪ್ಪ ನಾರಿನ ಹಾಸಿಗೆ ಸೇರುತ್ತದೆ. ಸೋಡಾ ಒಣ ಪುಡಿ. ಅದು ಎಲ್ಲಿ ಬಿತ್ತೋ ಅಲ್ಲೇ ಕೂರುತ್ತದೆ. ನಾತ ಮೇಲೇಳುವಾಗ ಈ ಪುಡಿ ಹೀರಿಕೊಳ್ಳುತ್ತದಲ್ಲ ಎನ್ನುವವರಿದ್ದಾರೆ. ಹೀರುವ ಕೆಲಸಕ್ಕೆ ಬೇಕಾದದ್ದು ಒಳಮೈ. ತೆಂಗಿನ ಚಿಪ್ಪಿನಿಂದ ಮಾಡಿದ ಸಕ್ರಿಯ ಇಂಗಾಲದ ಒಂದೇ ಒಂದು ಗ್ರಾಮಿಗೆ 500 ಚದರ ಮೀಟರಿಗಿಂತ ಹೆಚ್ಚಿನ ಒಳಮೈ ಇರುತ್ತದೆ. ಸೋಡಾದ ಹರಳಿಗೆ ಅದರ ಹತ್ತಿರ ಸುಳಿಯುವ ಯೋಗ್ಯತೆಯೂ ಇಲ್ಲ. ಹಾಗೆಂದು ಒಲೆಯ ಇದ್ದಿಲನ್ನು ಬಟ್ಟಲಲ್ಲಿಟ್ಟು ಅದೇ ಫಲ ಬಯಸುವುದೂ ತಪ್ಪು. ಇದ್ದಿಲು ಬೇರೆ, ಸಕ್ರಿಯ ಇಂಗಾಲ ಬೇರೆ.

ಇನ್ನು ಮೀನು. ಮಂಗಳೂರಿನ ಧಕ್ಕೆಯಿಂದ ಬಂಗುಡೆಯನ್ನೋ ಬೂತಾಯಿಯನ್ನೋ ಐಸಿನಲ್ಲಿಟ್ಟು ಘಟ್ಟದ ಮೇಲೆ ತರುವವರ ಡಿಕ್ಕಿಯಲ್ಲಿ ಸೋರಿದ ನೀರಿನ ನಾತ ಆಮ್ಲದ್ದಲ್ಲ, ಕ್ಷಾರದ್ದು. ಅದರ ಹೆಸರು ಟ್ರೈಮಿಥೈಲ್ ಅಮೀನ್. ಕ್ಷಾರದ ಮೇಲೆ ಕ್ಷಾರ ಎರಚಿದರೆ ಅದು ಅಡಗುವುದಿಲ್ಲ, ಇನ್ನಷ್ಟು ಏಳುತ್ತದೆ. ಇದು ಕರಾವಳಿಯ ಹೆಂಗಸರಿಗೆ ಯಾವ ರಸಾಯನಶಾಸ್ತ್ರವೂ ಹೇಳಿಕೊಡದೆ ಗೊತ್ತು. ಅವರು ಮೀನು ತೊಳೆಯುವುದು ಉಪ್ಪು ಹುಳಿಯಲ್ಲಿ, ಲಿಂಬೆರಸದಲ್ಲಿ. ಕೈಗೆ ಅಂಟಿದ ನಾತ ಹೋಗಲು ಉಜ್ಜುವುದೂ ಹುಳಿಯನ್ನೇ. ಹುಳಿಯ ಆಮ್ಲ ಅಮೀನನ್ನು ಲವಣವಾಗಿಸಿ ಹಾರದಂತೆ ಮಾಡುತ್ತದೆ. ಡಿಕ್ಕಿಯ ಕಾರ್ಪೆಟ್ಟಿಗೂ ಬೇಕಾದದ್ದು ವಿನೆಗರ್ ಬೆರೆಸಿದ ನೀರು, ಆಮೇಲೆ ಬರೀ ನೀರು. ಹಾಲಿಗೂ ಮೀನಿಗೂ ಒಂದೇ ಪುಡಿ ಹೇಳುವವರು ಇವೆರಡರಲ್ಲಿ ಒಂದನ್ನಾದರೂ ತೊಳೆದವರಲ್ಲ ಎಂದೇ ನಾನು ತಿಳಿಯುತ್ತೇನೆ.

ಇಲ್ಲಿ ನನಗೆ ಜಗಳ ಇರುವುದು 'ಇದು ಅಜ್ಜಿಯ ಮದ್ದು, ಅನುಮಾನಿಸಬೇಡಿ' ಎನ್ನುವ ಬರಹಗಾರರೊಡನೆ. ಯಾವ ಅಜ್ಜಿ? ನಮ್ಮ ಅಜ್ಜಿಯರು ಸೋಡಾ ಬಳಸಿದ್ದು ಬೇಳೆ ಬೇಯಲು, ಬೋಂಡದ ಹಿಟ್ಟಿಗೆ ಚಿಟಿಕೆ ಹಾಕಲು. ವಾಸನೆಗೆಂದು ಅದನ್ನು ಪೊಟ್ಟಣ ಸಮೇತ ತೆರೆದಿಡುವ ಪದ್ಧತಿ ಮನೆಮನೆಗೆ ಹರಡಿದ್ದು ಅಮೆರಿಕದಲ್ಲಿ. 1972ರಲ್ಲಿ ಆರ್ಮ್ ಅಂಡ್ ಹ್ಯಾಮರ್ ಕಂಪನಿ ತನ್ನ ಸೋಡಾ ಡಬ್ಬಿಯನ್ನು ಫ್ರಿಜ್ಜಿನಲ್ಲಿಡಿ ಎಂದು ದೊಡ್ಡದಾಗಿ ಜಾಹೀರಾತು ಮಾಡಿತು. ಅಲ್ಲಿ ಮನೆಮನೆಯಲ್ಲೂ ರೊಟ್ಟಿ ಸುಡುವುದು ಕಡಿಮೆಯಾದಾಗ ಸೋಡಾಕ್ಕೆ ಹೊಸ ಕೆಲಸ ಬೇಕಾಗಿತ್ತು. ಆ ಜಾಹೀರಾತಿನ ಮಾತು ಫ್ರಿಜ್ಜಿನಿಂದ ಕಾರಿಗೆ ಬಂದು, ನಮ್ಮಲ್ಲಿ ಅಜ್ಜಿಯ ಸೆರಗು ಹೊದ್ದು ಕೂತಿದೆ. ಅಜ್ಜಿಯ ಹೆಸರು ಹೇಳುವವರು ಅಜ್ಜಿ ನಿಜವಾಗಿ ಏನು ಮಾಡುತ್ತಿದ್ದಳು ಎಂದು ನೋಡುವ ಕಷ್ಟ ತೆಗೆದುಕೊಂಡಿಲ್ಲ.

ನೋಡಿದ್ದರೆ ಮಡಿವಾಳರ ಉಬ್ಬೆ ಕಣ್ಣಿಗೆ ಬೀಳುತ್ತಿತ್ತು. ಚೌಳು ಮಣ್ಣು ಎಂದರೆ ನೆಲದಲ್ಲೇ ಸಿಗುವ ಕ್ಷಾರ, ಸೋಡಾದ ಹತ್ತಿರದ ಬಂಧು. ಅದನ್ನು ಅವರು ಯಾವತ್ತಾದರೂ ಒಣ ಬಟ್ಟೆಯ ಮೇಲೆ ಉದುರಿಸಿ ರಾತ್ರಿಯಿಡೀ ಬಿಟ್ಟದ್ದುಂಟೆ? ನೀರಿಗೆ ಕಲಸಿ, ಬಟ್ಟೆಯನ್ನು ಅದರಲ್ಲಿ ಅದ್ದಿ, ಉಬ್ಬೆಯಲ್ಲಿಟ್ಟು ಹಬೆಯಲ್ಲಿ ಬೇಯಿಸಿ, ಕಲ್ಲಿಗೆ ಬಡಿದು, ಹರಿಯುವ ನೀರಿನಲ್ಲಿ ಜಾಲಿಸಿ, ಬಿಸಿಲಿಗೆ ಹರವುತ್ತಿದ್ದರು. ಕ್ಷಾರ ಕೊಳೆಯನ್ನು ಸಡಿಲಿಸುತ್ತದೆ, ಹೊತ್ತೊಯ್ಯುವುದು ನೀರು, ಮುಗಿಸುವುದು ಬಿಸಿಲು. ಈ ಮೂರರಲ್ಲಿ ಮೊದಲನೆಯದನ್ನು ಮಾತ್ರ, ಅದೂ ಒಣದಾಗಿ ಉಳಿಸಿಕೊಂಡು ಉಳಿದೆರಡನ್ನು ಕೈಬಿಟ್ಟ ಪದ್ಧತಿಗೆ ಪರಂಪರೆಯ ಹೆಸರು ಕೊಡುವುದು ಆ ಕಸುಬಿನವರಿಗೆ ಮಾಡುವ ಅನ್ಯಾಯ.

ಇನ್ನೊಂದು ಗುಂಪಿನವರು ಸೋಡಾ ವಿನೆಗರ್ ಎರಡನ್ನೂ ಒಟ್ಟಿಗೆ ಸುರಿಯಲು ಹೇಳುತ್ತಾರೆ. ಬುಸ್ಸೆಂದು ನೊರೆ ಬರುತ್ತದೆ, ನೋಡುವವರಿಗೆ ಏನೋ ಆಗುತ್ತಿದೆ ಅನ್ನಿಸುತ್ತದೆ. ಅಲ್ಲಿ ಆಗುತ್ತಿರುವುದು ಆಮ್ಲ ಕ್ಷಾರ ಒಂದನ್ನೊಂದು ಮುಗಿಸಿಕೊಳ್ಳುವ ಕೆಲಸ. ಕೊನೆಗೆ ಉಳಿಯುವುದು ಸ್ವಲ್ಪ ಲವಣ ಕರಗಿದ ನೀರು.

ಓಜೋನ್ ಯಂತ್ರದವರ ಮಾತನ್ನು ಮಾತ್ರ ಇಷ್ಟು ಬೇಗ ಬಿಡಲಾಗದು. ನನ್ನ ಕಾರನ್ನೂ ಒಂದು ಅಂಗಡಿಯಲ್ಲಿ ಅರ್ಧ ಗಂಟೆ ಮುಚ್ಚಿಟ್ಟು ಓಜೋನ್ ಬಿಟ್ಟರು. ಸೀಟು ಎತ್ತಿ ನೋಡಲಿಲ್ಲ. ಹಣ ತೆಗೆದುಕೊಂಡರು, ನಾಲ್ಕನೆಯ ದಿನ ಕಮಟು ಮರಳಿತು. ಓಜೋನ್ ಗಾಳಿಯಲ್ಲಿರುವ ವಾಸನೆಯನ್ನು ಒಡೆಯುತ್ತದೆ, ನಿಜ. ಸ್ಪಂಜಿನ ಹೊಟ್ಟೆಯಲ್ಲಿ ಗಂಟಾಗಿ ಕೂತ ಹಾಲಿಗೆ ಅದು ತಲುಪುವುದಿಲ್ಲ. ಜೊತೆಗೆ ಅದು ಶ್ವಾಸಕೋಶಕ್ಕೆ ಕೆಡುಕು, ರಬ್ಬರನ್ನು ಬಿರಿಯುವಂತೆ ಮಾಡುವ ಅನಿಲ. ಉಸಿರಾಟಕ್ಕೆ ಅಪಾಯವಿಲ್ಲದ ಮಟ್ಟದಲ್ಲಿ ಓಜೋನ್ ಯಂತ್ರಗಳು ಒಳಗಿನ ಗಾಳಿಯನ್ನು ಶುದ್ಧಮಾಡುವಷ್ಟು ಕೆಲಸ ಮಾಡುವುದಿಲ್ಲ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸಿದೆ. ಉಬ್ಬಸವಿರುವ ಮಗುವನ್ನು ಕೂರಿಸುವ ಕಾರಿಗೆ ಇದನ್ನು ಬಿಡುವವರು ಎರಡು ಸಲ ಯೋಚಿಸಬೇಕು.

ಮುಗ್ಗಲಿನ ದಾರಿಯೇ ಬೇರೆ. ಎಸಿಯ ಕೂಲಿಂಗ್ ಕಾಯಿಲ್ ತಣ್ಣಗಾದಾಗ ಗಾಳಿಯ ನೀರು ಅದರ ಮೇಲೆ ಕಟ್ಟುತ್ತದೆ, ಒಂದು ಸಣ್ಣ ಕೊಳವೆಯ ಮೂಲಕ ಕಾರಿನಡಿಗೆ ತೊಟ್ಟಿಕ್ಕುತ್ತದೆ. ಎಂಜಿನ್ ಆರಿಸಿದಾಗ ಒದ್ದೆಯಾಗಿಯೇ ಉಳಿದ ಕಾಯಿಲಿನ ಮೇಲೆ ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯುತ್ತವೆ. ಮನೆ ಇನ್ನು ಮೂರು ನಾಲ್ಕು ನಿಮಿಷ ಇದೆ ಎನ್ನುವಾಗ ಎಸಿ ಗುಂಡಿ ಆರಿಸಿ ಫ್ಯಾನ್ ಮಾತ್ರ ಓಡಿಸಿದರೆ ಅದು ಒಣಗುತ್ತದೆ. ಗ್ಲೋವ್‌ಬಾಕ್ಸಿನ ಹಿಂದಿರುವ ಫಿಲ್ಟರ್ ತೆಗೆದು ನೋಡಿ, ಮಲೆನಾಡಿನ ಕಾರುಗಳಲ್ಲಿ ಕೊಳೆತ ಎಲೆಯೇ ಸಿಗುತ್ತದೆ. ಎಸಿ ಓಡುವಾಗ ಕಾರಿನಡಿಯಲ್ಲಿ ನೀರು ಬೀಳದಿದ್ದರೆ ಕೊಳವೆ ಕಟ್ಟಿದೆ ಎಂದು ತಿಳಿಯಬೇಕು. ಆ ನೀರು ಎಡಗಡೆ ಕೂತವರ ಕಾಲಡಿಯ ಕಾರ್ಪೆಟ್ಟಿಗೆ ಇಳಿಯುತ್ತಿರುತ್ತದೆ. ಇದರಲ್ಲಿ ಸೋಡಾಕ್ಕೆ ಯಾವ ಪಾತ್ರವೂ ಇಲ್ಲ.

ಸೋಡಾಕ್ಕೆ ಸಲ್ಲಬೇಕಾದದ್ದನ್ನೂ ಹೇಳಿಬಿಡುತ್ತೇನೆ. ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಮಗು ವಾಂತಿ ಮಾಡಿಕೊಂಡ ಹತ್ತು ನಿಮಿಷದೊಳಗೆ, ಗಟ್ಟಿ ಭಾಗವನ್ನು ಎತ್ತಿ ಹಾಕಿ, ಲೀಟರು ಉಗುರುಬೆಚ್ಚಗಿನ ನೀರಿಗೆ ಎರಡು ಚಮಚ ಸೋಡಾ ಕರಗಿಸಿ ಬಟ್ಟೆಯಿಂದ ಒತ್ತಿ ತೆಗೆದರೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕರಗಿಸಿ, ತಕ್ಷಣ, ಆಮ್ಲದ ನಾತಕ್ಕೆ ಮಾತ್ರ. 'ಹಾನಿಯಿಲ್ಲವಲ್ಲ, ಹಾಕಿ ನೋಡಲಿ ಬಿಡಿ' ಎಂದು ನನ್ನ ಸ್ನೇಹಿತರೊಬ್ಬರು ವಾದಿಸುತ್ತಾರೆ. ಹಾನಿಯಿದೆ. ನಾನು ಪುಡಿ ನಂಬಿ ಕೂತ ಮೂರು ವಾರದಲ್ಲಿ ಹಾಲು ಸೀಟಿನಿಂದ ತಗಡಿಗೆ, ತಗಡಿನಿಂದ ನಾರಿಗೆ ಇಳಿದದ್ದೇ ಆ ಹಾನಿ.

ಕೊನೆಗೆ ಹಿಂದಿನ ಸೀಟಿನ ಕೆಳಭಾಗವನ್ನು ಎತ್ತಿದೆ. ನನ್ನ ಕಾರಿನಲ್ಲಿ ಅದು ಎರಡು ಕ್ಲಿಪ್ಪಿನ ಮೇಲೆ ನಿಂತಿದೆ, ಮುಂದಿನ ಅಂಚು ಹಿಡಿದು ಜಗ್ಗಿದರೆ ಬರುತ್ತದೆ. ಅಡಿಯ ತಗಡಿನ ತಗ್ಗಿನಲ್ಲಿ ಅಂಗೈಯಗಲ ಹಳದಿ ಗಿಣ್ಣಿನಂಥ ಗಂಟು, ಅದರ ಸುತ್ತ ಹಸಿರು ಬೂಷ್ಟು. ಸ್ಪಂಜಿನ ತಳ ಮುಟ್ಟಿದರೆ ಇನ್ನೂ ತೇವ. ಮೇಲ್ಗಡೆ, ಬಟ್ಟೆಯ ನೇಯ್ಗೆಯಲ್ಲಿ, ನನ್ನ ಮೂರು ಸಲದ ಸೋಡಾ ಬೆಳ್ಳಗೆ ಒಣಗಿ ಕೂತಿತ್ತು. ಎರಡರ ನಡುವೆ ನಾಲ್ಕು ಬೆರಳಿನ ಸ್ಪಂಜು.

ಸೀಟನ್ನು ಬಚ್ಚಲಿಗೆ ಹೊತ್ತೊಯ್ದು ಸೋಪಿನ ನೀರು ಹೊಯ್ದು ಕಾಲಿನಿಂದ ತುಳಿದೆವು. ಏಳು ಸಲ ನೀರು ಬದಲಿಸಿದ ಮೇಲೆ ತಿಳಿನೀರು ಬಂತು. ಆಷಾಢದ ಮಳೆಗೆ ಬಿಸಿಲೆಲ್ಲಿ? ಬಚ್ಚಲ ಒಲೆಯ ಮೇಲಿನ ದಂಡಿಗೆಯಲ್ಲಿ ಬಟ್ಟೆ ಒಣಗಿಸುವ ನಮ್ಮ ಕಡೆಯ ರೂಢಿ ಸ್ಪಂಜಿಗೆ ಆಗದು, ಅದು ಬೆಂಕಿಗೆ ಬಲು ಬೇಗ ಹತ್ತಿಕೊಳ್ಳುವ ವಸ್ತು. ನಡುಮನೆಯಲ್ಲಿ ಫ್ಯಾನಿನಡಿ ನಿಲ್ಲಿಸಿ ಐದು ದಿನ ಮಗುಚಿ ಮಗುಚಿ ಹಾಕಿದೆವು. ಕಾರ್ಪೆಟ್ ಎತ್ತಿ ಕಡ್ಡಿ ಕೊಟ್ಟು, ಗಾಜು ಏರಿಸಿ, ಎಸಿಯನ್ನೂ ಹೀಟರನ್ನೂ ಒಟ್ಟಿಗೆ ದಿನಕ್ಕೆ ಅರ್ಧ ಗಂಟೆ ಓಡಿಸಿದೆ. ಎಸಿ ಗಾಳಿಯ ತೇವ ಕಸಿಯುತ್ತದೆ, ಬಿಸಿ ನಾರಿನ ತೇವ ಬಿಡಿಸುತ್ತದೆ.

ಭಾದ್ರಪದದಲ್ಲಿ ಮಳೆ ಹೊಳವಾದ ಮೊದಲ ದಿನ ಗಾಜು ಮುಚ್ಚಿ ಕಾರನ್ನು ಬಿಸಿಲಿಗೆ ನಿಲ್ಲಿಸಿದೆ. ನನ್ನ ಮೂಗಿನ ಸಾಕ್ಷಿ ನನಗೆ ಬೇಕಿರಲಿಲ್ಲ. ಎರಡು ಗಂಟೆಗೆ ಪಕ್ಕದ ಮನೆಯ ಮೇಷ್ಟ್ರನ್ನು ಕರೆದು, ಯಾಕೆಂದು ಹೇಳದೆ, ಹಿಂದಿನ ಬಾಗಿಲು ತೆಗೆಯಿರಿ ಅಂದೆ. ತೆಗೆದರು, ಒಳಗೆ ತಲೆ ಹಾಕಿದರು, ಕೈಯಿಂದ ಸೀಟು ಮುಟ್ಟಿ ನೋಡಿದರು.

"ಏನು ಮಾರಾಯ್ರೇ, ಬೆಂಕಿ ಹಂಗೆ ಬಿಸಿಯಾಗಿದೆ. ಯಾಕೆ ಕರೆದಿದ್ದು?" ಅಂದರು.